ಹಾರ್ಡ್‌ಬೂಟ್ ಕಾರ್ವಿಂಗ್‌ಗೆ ಸ್ಟೆಪ್-ಇನ್ ಬೈಂಡಿಂಗ್: ಯಾವುದು ತಗೊಳ್ಳಲಿ?

ಮ್ಯೂನಿಕ್_ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನಿರೋದು ಮ್ಯೂನಿಕ್‌ನಲ್ಲಿ. ವಾರಾಂತ್ಯ ಲೆಂಗ್ರೀಸ್ ಹತ್ತಿರದ ಬ್ರೌನೆಕ್‌ಗೆ, ರಜೆ ಸಿಕ್ಕಾಗ ಆಸ್ಟ್ರಿಯಾ ಕಡೆಗೆ ಹೋಗ್ತೀನಿ. ಬೆಳಿಗ್ಗೆ ಮಷಿನ್ ಹಾಯಿಸಿ ಸಮ ಮಾಡಿದ ಗಟ್ಟಿ ಹಿಮದ ಮೇಲೆ, ಸ್ನೋಬೋರ್ಡನ್ನು ಪೂರ್ತಿ ಅಂಚಿಗೆ ನಿಲ್ಲಿಸಿ ತೆಳ್ಳನೆಯ ಒಂದೇ ಗೆರೆ ಬಿಟ್ಟುಕೊಂಡು ಇಳಿಯೋದಿದೆಯಲ್ಲ, ಆ ಕಾರ್ವಿಂಗ್ ರುಚಿ ಹತ್ತಿದ ಮೇಲೆ ಮೆತ್ತನೆಯ ಸಾಫ್ಟ್‌ಬೂಟ್ ಮೂಲೆ ಸೇರಿದೆ, ಈಗ ಗಟ್ಟಿ ಪ್ಲಾಸ್ಟಿಕ್‌ನ ಹಾರ್ಡ್‌ಬೂಟೇ.

ಈಗಿರೋ ಸಾಮಾನು: ಡೀಲಕ್ಸ್ ಟ್ರ್ಯಾಕ್ ಬೂಟು, 27ರ ಅಳತೆ. 163 ಸೆಂ.ಮೀ. ಬೋರ್ಡು, ನಡು ಅಗಲ 20 ಸೆಂ.ಮೀ. ಬೂಟನ್ನು ಬೋರ್ಡಿಗೆ ಹಿಡಿದಿಡೋ ಬೈಂಡಿಂಗ್ ಮಾತ್ರ ಎಫ್‌2 ಕಂಪನಿಯ ಹಳೇದು, ಮುಂದೆ ಹಿಂದೆ ಎರಡೂ ಕಡೆ ಬೂಟಿನ ತುದಿ ಹಿಡಿಯೋ ತಂತಿ ಬಳೆ, ಅಂದ್ರೆ ಬೇಲ್, ಇದ್ದು, ಬೆರಳ ಕಡೆ ಲಿವರ್ ಒತ್ತಿ ಹಾಕೋ ಥರದ್ದು. ನನ್ನ ತೂಕ 78 ಕಿಲೋ.

ಪ್ರತಿ ಸಲ ಲಿಫ್ಟ್ ಇಳಿದ ಮೇಲೆ ಬಗ್ಗಿ ಲಿವರ್ ಹಾಕೋದಕ್ಕೆ ಸೊಂಟ ಒಪ್ತಾ ಇಲ್ಲ. ಅದಕ್ಕೆ ಕಾಲಿಟ್ಟು ತುಳಿದರೆ ತಾನೇ ಕಚ್ಚಿಕೊಳ್ಳೋ ಸ್ಟೆಪ್-ಇನ್‌ಗೆ ಹೋಗೋಣ ಅಂತ. ಎಫ್‌2 ಇಂಟೆಕ್ ಒಂದು ಕಣ್ಣಿಗೆ ಬಿದ್ದಿದೆ, ಬಾಂಬರ್ ಕಂಪನಿಯ ಟಿಡಿ3 ಇನ್ನೊಂದು. ಲಿಫ್ಟ್ ಸಾಲಿನಲ್ಲಿ ಸಿಕ್ಕ ಒಬ್ಬರು "ಸ್ಟೆಪ್-ಇನ್ ತುಂಬಾ ಬಿಗಿ, ಕಾಲಿಗೆ ಜೀವ ಇರಲ್ಲ" ಅಂದ್ರು. ಇನ್ನೊಬ್ಬರು ಬೂಟು ಬಿಡಿಸೋ ಕೇಬಲ್ ಕಿತ್ತುಹೋದ್ರೆ ಬೆಟ್ಟದ ಮೇಲೇ ಉಳೀಬೇಕಾಗುತ್ತೆ ಅಂದ್ರು. ಬಳಸಿದವರು ದಯವಿಟ್ಟು ಹೇಳಿ. ಬೂಟೂ ಬದಲಾಯಿಸಬೇಕಾ?

ಬೆಂದಕಾಳು_ಬೋರ್ಡರ್

ಬರ್ಟನ್‌ನವರ ಸ್ಟೆಪ್ ಆನ್ ಇದೆಯಲ್ಲ ಅಣ್ಣ, ಅದನ್ನೇ ತಗೊಳ್ಳಬಹುದಲ್ವಾ? ನನ್ನ ಸ್ನೇಹಿತರೆಲ್ಲ ಅದನ್ನೇ ಹಾಕ್ತಾರೆ, ಕಾಲಿಟ್ಟರೆ ಸಾಕು, ಕಚ್ಚಿಕೊಳ್ಳುತ್ತೆ.

ಅಂಚಿನ_ಮೇಲೆ

@ಬೆಂದಕಾಳು_ಬೋರ್ಡರ್, ಸ್ಟೆಪ್ ಆನ್ 2017ರಲ್ಲಿ ಬಂದ ಸಾಫ್ಟ್‌ಬೂಟ್ ವ್ಯವಸ್ಥೆ, ಅದಕ್ಕೆ ಅದರದ್ದೇ ಬೂಟು ಬೇಕು. ಅದಕ್ಕೂ ಮೊದಲು, ತೊಂಬತ್ತರ ದಶಕದಲ್ಲಿ, ಕೆ2 ಮತ್ತು ಶಿಮಾನೊ ಸೇರಿ ಮಾಡಿದ ಕ್ಲಿಕರ್ ಇತ್ತು, ಅದೂ ಸಾಫ್ಟ್‌ಬೂಟಿನದೇ. ಇಲ್ಲಿ ಕೇಳ್ತಿರೋದು ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಬೂಟಿಗೆ ಹಾಕೋ ಪ್ಲೇಟ್ ಬೈಂಡಿಂಗ್ ಬಗ್ಗೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿನ ಮೊದಲ ಚಿನ್ನ ಗೆದ್ದ ರಾಸ್ ರೆಬಾಗ್ಲಿಯಾಟಿ ಇಳಿದಿದ್ದು ಜೈಂಟ್ ಸ್ಲಾಲಮ್‌ನಲ್ಲಿ. 2018ರಲ್ಲಿ ಎಸ್ಟರ್ ಲೆಡೆಕ್ಕಾ ಸ್ಕೀಯಲ್ಲೊಂದು, ಬೋರ್ಡಿನಲ್ಲೊಂದು ಚಿನ್ನ ಗೆದ್ದರಲ್ಲ, ಆ ಪ್ಯಾರಲಲ್ ಜೈಂಟ್ ಸ್ಲಾಲಮ್ ಕೂಡ ಇದೇ ಹಾರ್ಡ್‌ಬೂಟಿನ ಲೋಕ.

ಈಗ ಮ್ಯೂನಿಕ್‌ನವರ ಪ್ರಶ್ನೆ. ನಾನು ಕೊಲರಾಡೊದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇದನ್ನೇ ಮಾಡ್ತಿದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಬೈಂಡಿಂಗ್‌ನಿಂದ ಶುರು ಮಾಡಬೇಡಿ. ಬೂಟಿನ ಹಿಮ್ಮಡಿಯಿಂದ ಶುರು ಮಾಡಿ. ಸ್ಟೆಪ್-ಇನ್‌ನಲ್ಲಿ ಬೆರಳ ಕಡೆ ನಿಮಗೀಗ ಇರೋ ಥರದ್ದೇ ತಂತಿ ಬೇಲ್ ಇರುತ್ತೆ, ಲಿವರ್ ಮಾತ್ರ ಇರಲ್ಲ. ವ್ಯತ್ಯಾಸ ಇರೋದು ಹಿಂದೆ. ಬೂಟಿನ ಅಡಿ ಹಿಮ್ಮಡಿಯನ್ನು ಸ್ಕ್ರೂ ಬಿಚ್ಚಿ ತೆಗೆದು, ಆ ಜಾಗಕ್ಕೆ ಇಂಟೆಕ್ ಹೀಲ್ ಅನ್ನೋ ಒಂದು ತುಂಡು ಕೂರಿಸ್ತೀವಿ. ಅದರ ಎರಡೂ ಪಕ್ಕದಲ್ಲಿ ಸ್ಪ್ರಿಂಗ್ ಒತ್ತಡದಲ್ಲಿ ಹೊರಗೆ ಚಾಚಿರೋ ಪಿನ್‌ಗಳು. ಬೆರಳನ್ನು ಬೇಲ್ ಕೆಳಗೆ ತೂರಿಸಿ ಹಿಮ್ಮಡಿ ತುಳಿದರೆ ಪಿನ್‌ಗಳು ಒಳಗೆ ಸರಿದು, ಬೈಂಡಿಂಗ್‌ನ ತೂತು ಸಿಕ್ಕ ಕೂಡಲೇ ಮತ್ತೆ ಚಾಚಿ ಕೂರುತ್ತವೆ. ಬಿಡಿಸೋಕೆ ಮೀನಖಂಡದ ಹತ್ತಿರ ಬರೋ ಕೇಬಲ್ ಹಿಡಿಯನ್ನು ಎಳೀಬೇಕು.

ನಿಮ್ಮ ಡೀಲಕ್ಸ್‌ಗೆ ಇಂಟೆಕ್ ಹೀಲ್ ನೇರವಾಗಿ ಕೂರುತ್ತೆ, ಬೂಟು ಬದಲಾಯಿಸೋದು ಬೇಡ. ಹಳೇ ರೈಖ್ಲೆ, ಹೆಡ್ ಸ್ಟ್ರಾಟೋಸ್ ಬೂಟಿಗೂ ಅದೇ. ಯುಪಿಝಡ್ ಬೂಟಿನ ಹಿಮ್ಮಡಿ ಆಕಾರವೇ ಬೇರೆ, ಅದಕ್ಕೆ ಅದರದ್ದೇ ಹೀಲ್ ಬೇಕು. ಸ್ಕೀ ಬೂಟನ್ನು ತಂತಿ ಬೇಲ್ ಬೈಂಡಿಂಗ್‌ಗೆ ತುರುಕಿ ಓಡಾಡೋರನ್ನ ನೋಡಿದೀನಿ. ಸ್ಟೆಪ್-ಇನ್‌ಗೆ ಆ ದಾರಿ ಇಲ್ಲ, ಹೀಲ್ ಕೂರಿಸೋ ಜಾಗವೇ ಅದರಲ್ಲಿರಲ್ಲ. ಬಾಂಬರ್‌ನವರ ಫಿನ್‌ಟೆಕ್ ಹೀಲ್ ಕೂಡ ಇಂಟೆಕ್ ಬೈಂಡಿಂಗ್‌ಗಳಲ್ಲಿ ಕೂರುತ್ತೆ. ನಾನು ಹಾಕಿರೋದು ಅದನ್ನೇ.

ಇನ್ನು ಎಫ್‌2 ಅಥವಾ ಟಿಡಿ3. ಟಿಡಿ3 ಬಹಳ ಗಟ್ಟಿಮುಟ್ಟು, ತೂಕವೂ ಜಾಸ್ತಿ. ಅದರ ಅಡಿಯಲ್ಲಿ ಓರೆಯಾಗಿ ಕಡೆದ ಡಿಸ್ಕ್ ಬರುತ್ತೆ, 0, 3, 6 ಡಿಗ್ರಿ ಹೀಗೆ. ಡಿಸ್ಕನ್ನು ಯಾವ ದಿಕ್ಕಿಗೆ ತಿರುಗಿಸ್ತೀರೋ ಅದರ ಮೇಲೆ ಬೆರಳು ಎತ್ತರ ಆಗಬೇಕಾ, ಹಿಮ್ಮಡಿ ಎತ್ತರ ಆಗಬೇಕಾ, ಪಾದ ಒಳಕ್ಕೆ ವಾಲಬೇಕಾ ಅನ್ನೋದು ತೀರ್ಮಾನ ಆಗುತ್ತೆ. ಎಫ್‌2ನಲ್ಲಿ ಬೆರಳಿನ ತುಂಡು, ಹಿಮ್ಮಡಿ ತುಂಡು ಇವುಗಳ ಕೆಳಗೆ ಪ್ಲಾಸ್ಟಿಕ್ ಬೆಣೆ ಇಡ್ತೀವಿ. ಎಫ್‌2 ಹಗುರ, ಸ್ವಲ್ಪ ಬಳುಕುತ್ತೆ. 78 ಕಿಲೋ ತೂಕದ ನಿಮಗೆ ನನ್ನ ಆಯ್ಕೆ ಟಿಡಿ3. ಬೋರ್ಡಿಗೂ ಕಾಲಿಗೂ ನಡುವೆ ಒಂದಿಷ್ಟೂ ಸಡಿಲ ಇರಬಾರದು ಅನ್ನೋದು ನನ್ನ ನಂಬಿಕೆ. ಹೇಳಿದ ತಕ್ಷಣ ಅಂಚು ಕಚ್ಚಬೇಕು.

ಹುಬ್ಳಿಯಾಂವ

ಅಂಚಿನಣ್ಣಾರು ಹೀಲ್ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೆ ಐತಿ. ಆದ್ರ ಟಿಡಿ3 ವಿಚಾರಕ್ಕ ನಾ ಒಪ್ಪಂಗಿಲ್ರಿ. ನಾ ಝೂರಿಕ್‌ನ್ಯಾಗ ಮೆಕ್ಯಾನಿಕಲ್ ಕೆಲಸ ಮಾಡಾಂವ, ಸ್ವಲ್ಪ ಲೆಕ್ಕ ಹಾಕಿ ತೋರಸ್ತೀನಿ.

ನಮ್ಮ ಪಾದ ಬೋರ್ಡಿನ ಅಡ್ಡಗೆರೆಯಿಂದ ಸುಮಾರು 60 ಡಿಗ್ರಿ ತಿರುಗಿರ್ತೈತಿ ಅಂತ ಇಟ್ಕೋರಿ. ಅಂದ್ರ ಬೋರ್ಡಿನ ಉದ್ದಗೆರೆಗೂ ಪಾದಕ್ಕೂ 30 ಡಿಗ್ರಿ. ಬೋರ್ಡ್ ಅಂಚಿಗೆ ಎಬ್ಬಸಬೇಕಂದ್ರ ನೀವು ಹಾಕೋ ತಿರುಚಿನ್ಯಾಗ ದೊಡ್ಡ ಪಾಲು, ಅಂದ್ರ ಕಾಸ್ 30, ಸುಮಾರು 0.87, ಪಾದ ಪಕ್ಕಕ್ಕ ಹೊರಳಸೋದರಿಂದ ಬರ್ತೈತಿ. ಅಲ್ಲಿ ಬೈಂಡಿಂಗ್ ಬಿಗಿ ಇದ್ದಷ್ಟೂ ಛಲೋ. ಅಣ್ಣಾರ ಮಾತು ಅಲ್ಲಿಗೆ ಸರಿ. ಆದ್ರ ತಿರುವಿನ ನಡುವ ಮೈ ಮುಂದಕ್ಕ, ಮೂಗಿನ ಕಡೆ, ಆಮ್ಯಾಲೆ ಬಾಲದ ಕಡೆ ಸರಸತೇವಲ್ಲ, ಅದರಾಗೂ ಸೈನ್ 30, ಅಂದ್ರ ಅರ್ಧದಷ್ಟು ಪಾಲು ಪಕ್ಕದ ಹೊರಳಾಟದ್ದು. ಅಲ್ಲಿ ಎಲ್ಲಾ ಬಿಗಿ ಆದ್ರ ಮೊಣಕಾಲು ಎಲ್ಲಿಗೂ ಹೋಗಂಗಿಲ್ಲ. ಹಿಮ ಒರಟಿದ್ದಾಗ ಬೋರ್ಡಿನ ನಡುಕ ಸೀದಾ ಮೊಣಕಾಲಿಗೆ ಬಂದು ಬಡೀತೈತಿ.

ಇನ್ನೊಂದು. ಬೋರ್ಡ್ ಅಗಲ ಇದ್ದು ಪಾದ 45 ಡಿಗ್ರಿಗೆ ಇಟ್ರ ಎರಡೂ ಪಾಲು ಸಮ, 0.7. ಅಂಥಾ ಬೋರ್ಡಿಗೆ ಪಕ್ಕಕ್ಕ ಬಳಕೋ ಬೈಂಡಿಂಗ್ ಇನ್ನೂ ಬೇಕಾಕ್ಕೈತಿ. ಅದಕ್ಕ ನಿಮ್ಮ ಪಾದದ ಕೋನ ಎಷ್ಟು ಅಂತ ತಿಳೀದ ಯಾವ ಬೈಂಡಿಂಗ್ ಅಂತ ಹೇಳೋದು ಕಷ್ಟ.

ತಂತಿ ಬೇಲ್ ಬೈಂಡಿಂಗ್ ಎರಡೂ ಕಡೆ ಸ್ವಲ್ಪ ಹೊರಳಾಕ ಬಿಡ್ತೈತಿ. ಸ್ಟೆಪ್-ಇನ್‌ನ್ಯಾಗ ಹಿಮ್ಮಡಿ ಬಾಗಿಲ ಅಗಳಿ ಹಾಕಿದಂಗ ಕೂತ್ಬಿಡ್ತೈತಿ. ಲಿಫ್ಟ್ ಸಾಲಿನ್ಯಾಗ "ಜೀವ ಇರಂಗಿಲ್ಲ" ಅಂದವರು ಇದನ್ನ ಹೇಳ್ಯಾರ. ನಾ ಹಾಕೋದು ಎಫ್‌2 ಇಂಟೆಕ್ ಟೈಟಾನಿಯಮ್. ಬಾಂಬರ್‌ದೇ ಬೇಕಂದ್ರ ಸೈಡ್‌ವೈಂಡರ್ ಅಂತ ಐತಿ, ಪಕ್ಕಕ್ಕ ಬಳಕಲಿ ಅಂತನ ಮಾಡಿದ್ದು.

ಅಂಚಿನ_ಮೇಲೆ

ಲೆಕ್ಕ ಚೆನ್ನಾಗಿದೆ, ಇದನ್ನು ಯಾರೂ ಇಷ್ಟು ಸರಳವಾಗಿ ಹೇಳಿದ್ದು ನಾನು ಓದಿರಲಿಲ್ಲ. ಆದರೂ ಒಂದು ಮಾತು ಸೇರಿಸ್ತೀನಿ. ಬಳುಕು ಎಲ್ಲಿಂದ ಬರಬೇಕು ಅನ್ನೋದು ಪ್ರಶ್ನೆ. ಬೂಟಿನಿಂದ ಬಂದರೆ ಅದು ನನ್ನ ಹಿಡಿತದಲ್ಲಿ ಇರುತ್ತೆ: ಹಿಂದಿನ ಲಾಕ್ ಸಡಿಲಿಸಬಹುದು, ಮೇಲಿನ ಬಕಲ್ ಒಂದು ಹಲ್ಲು ಬಿಡಬಹುದು, ಸ್ಪ್ರಿಂಗ್ ಬದಲಾಯಿಸಬಹುದು. ಬೈಂಡಿಂಗ್‌ನಿಂದ ಬಂದರೆ ಅದು ಎಷ್ಟಿದೆಯೋ ಅಷ್ಟೇ. ಟಿಡಿ3ನ ಅಡಿಯಲ್ಲಿ ರಬ್ಬರಿನಂಥ ಉಂಗುರ ಇರುತ್ತೆ, ಬೇರೆ ಬೇರೆ ಗಡಸಿನಲ್ಲಿ ಸಿಗುತ್ತೆ, ಮೆತ್ತನೆಯದು ಹಾಕಿದರೆ ನಡುಕ ಬಹಳ ಕಡಿಮೆ.

ಹುಬ್ಳಿಯಾಂವ

ಆ ಉಂಗುರ ನಡುಕ ತಗೀತೈತಿ, ಖರೆ. ಹೊರಳಾಟಕ್ಕ ಅದು ಸಾಲಂಗಿಲ್ರಿ ಅಣ್ಣಾ.

ಮಂಜಿನಹಾದಿ

ಇಬ್ಬರೂ ದೊಡ್ಡವರು, ಮಧ್ಯೆ ಮಾತಾಡ್ತಿದೀನಿ, ಕ್ಷಮಿಸಿ. ನಾನು ಕ್ಯಾಲ್ಗರಿಯಲ್ಲಿದ್ದೀನಿ. ಈ ಚರ್ಚೆ ಯಾವಾಗಲೂ ಎಂಬತ್ತು ಕಿಲೋ ಗಂಡಸರ ಸುತ್ತಲೇ ತಿರುಗುತ್ತೆ. ನನ್ನ ತೂಕ 54 ಕಿಲೋ, ಬೂಟು 23.5. ಆ ಭಾರದ ಲೋಹದ ಬೈಂಡಿಂಗನ್ನ ಸ್ನೇಹಿತೆಯಿಂದ ತಂದು ಹಾಕಿ ನೋಡಿದಾಗ ಬೋರ್ಡಿನ ನಡುಭಾಗ ಬಾಗೋದೇ ನಿಂತುಹೋದ ಹಾಗಿತ್ತು. ಅದನ್ನು ಬಾಗಿಸೋಷ್ಟು ತೂಕ ನನ್ನಲ್ಲಿಲ್ಲ. ಎಫ್‌2ನ ಸಣ್ಣ ಅಳತೆಯದು ಹಾಕಿದ ಮೇಲೆ ಅದೇ ಬೋರ್ಡು ತಿರುವಿನಲ್ಲಿ ದುಂಡಗೆ ಬಾಗೋಕೆ ಶುರುವಾಯ್ತು. ಇದನ್ನ ಓದ್ತಿರೋ ಹೆಣ್ಣುಮಕ್ಕಳು, ತೂಕ ಕಡಿಮೆ ಇರೋರು ದಯವಿಟ್ಟು ಗಮನಿಸಿ. "ಅತಿ ಬಿಗಿಯಾದದ್ದೇ ಅತಿ ಒಳ್ಳೆಯದು" ಅನ್ನೋ ಸಲಹೆ ನಮಗಾಗಿ ಕೊಟ್ಟದ್ದಲ್ಲ.

ಮಲೆನಾಡಿಗ ಅವರಿಗೆ ಇನ್ನೊಂದು ದಾರಿ ಹೇಳ್ತೀನಿ, ಇದನ್ನ ಯಾರೂ ಮೊದಲು ಹೇಳಲ್ಲ. ಚೇರ್‌ಲಿಫ್ಟ್‌ನಲ್ಲಿ ಮುಂದಿನ ಕಾಲು ಬೈಂಡಿಂಗ್‌ನಲ್ಲೇ ಇರುತ್ತೆ, ಬಿಡಿಸಿ ಹಾಕೋದು ಹಿಂದಿನ ಕಾಲು ಮಾತ್ರ. ಅಂದ್ರೆ ದಿನವಿಡೀ ನೀವು ಬಗ್ಗೋದು ಹೆಚ್ಚುಕಡಿಮೆ ಒಂದೇ ಕಾಲಿಗೆ. ಹಿಂದಿನ ಕಾಲಿಗೆ ಮಾತ್ರ ಸ್ಟೆಪ್-ಇನ್ ಹಾಕಿ, ಮುಂದಿನದು ಈಗಿರೋ ಎಫ್‌2 ಬೇಲ್ ಹಾಗೇ ಇರಲಿ. ಸೊಂಟಕ್ಕೆ ಆರಾಮ. ನಾನು ಹೀಗೇ ಓಡಿಸ್ತಿದೀನಿ. ಮುಂದಿನ ಕಾಲಿಗೆ ಆ ಸ್ವಲ್ಪ ಹೊರಳಾಟ ಇರೋದು ನನಗೆ ಇಷ್ಟವೇ ಆಗಿದೆ. ಎರಡೂ ಒಂದೇ ಕಂಪನಿಯದ್ದಾದ್ರೆ ಬೂಟು ನಿಲ್ಲೋ ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಆದರೂ ಹಾಕಿದ ಮೇಲೆ ಒಮ್ಮೆ ಅಳೆದು ನೋಡಿ.

ಆಮೇಲೆ ಪ್ಯಾಂಟು! ಕೇಬಲ್ ಹಿಡಿ ಪ್ಯಾಂಟಿನೊಳಗೆ ಉಳಿದುಬಿಡುತ್ತೆ. ಪಕ್ಕದಲ್ಲಿ ಉದ್ದ ಜಿಪ್ ಇರೋ ಪ್ಯಾಂಟು ತಗೊಳ್ಳಿ, ಇಲ್ಲಾಂದ್ರೆ ಟೈಲರ್ ಹತ್ತಿರ ಮೊಣಕಾಲ ಕೆಳಗೆ ಒಂದು ಸೀಳು ಹಾಕಿಸಿ ಅಂಚು ಕಟ್ಟಿಸಿ. ಹಿಡಿ ಹೊರಗೆ ನೇತಾಡೋ ಹಾಗೆ ಬಿಡಲೇಬೇಡಿ. ಬಿದ್ದಾಗ ಅದು ಎಲ್ಲಾದರೂ ಸಿಕ್ಕಿ ಎಳೆದರೆ ಓಡ್ತಾ ಓಡ್ತಾನೇ ಒಂದು ಕಾಲು ಬಿಟ್ಟುಕೊಳ್ಳುತ್ತೆ. ಇನ್ನೊಂದು ಕಾಲು ಬೋರ್ಡಿನಲ್ಲೇ ಇರುತ್ತೆ. ಮೊಣಕಾಲಿಗೆ ಅದರಷ್ಟು ಕೆಟ್ಟದ್ದು ಇಲ್ಲ.

ಮ್ಯೂನಿಕ್_ಮಲೆನಾಡಿಗ

ಮಂಜಿನಹಾದಿ ಅವರೇ, ಹಿಂದಿನ ಕಾಲಿಗೆ ಮಾತ್ರ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಬಹಳ ಧನ್ಯವಾದ.

ಪಾದದ ಕೋನ ಕೇಳಿದ್ರಿ: ಮುಂದೆ 60, ಹಿಂದೆ 56. ಇದಕ್ಕಿಂತ ಕಡಿಮೆ ಮಾಡಿದ್ರೆ ಬೆರಳು, ಹಿಮ್ಮಡಿ ಬೋರ್ಡಿನಾಚೆ ಬಂದು ಹಿಮಕ್ಕೆ ತಾಗುತ್ತೆ.

ಎರಡು ಪ್ರಶ್ನೆ. ಒಂದು, ಬಿದ್ದಾಗ ಸ್ಕೀ ಬೈಂಡಿಂಗ್ ಥರ ಇವು ತಾನೇ ಬಿಟ್ಟುಕೊಳ್ತವಾ? ಎರಡು, ಇಲ್ಲೊಬ್ಬರು ಬಾಂಬರ್‌ನ ಹಳೇ ಟಿಡಿ2 ಸ್ಟೆಪ್-ಇನ್ ಮಾರ್ತಿದಾರೆ, ಇನ್ನೊಬ್ಬರ ಹತ್ತಿರ ಕಾಟೆಕ್ ಅನ್ನೋ ಬೈಂಡಿಂಗ್ ಇದೆ. ಹಳೇದು ತಗೊಂಡ್ರೆ ಏನು ನೋಡಬೇಕು?

ಅಂಚಿನ_ಮೇಲೆ

ತಾನೇ ಬಿಟ್ಟುಕೊಳ್ಳಲ್ಲ. ಸ್ಟೆಪ್-ಇನ್ ಆಗಲಿ ಬೇಲ್ ಆಗಲಿ, ಎರಡೂ ಕಾಲು ಬೋರ್ಡಿಗೆ ಕಟ್ಟಿದ ಹಾಗೇ ಇರಬೇಕು ಅಂತಲೇ ಮಾಡಿರೋದು. ಎರಡು ಕಾಲು ಒಂದೇ ಹಲಗೆಯ ಮೇಲೆ ಇರೋವಾಗ ಒಂದೇ ಬಿಟ್ಟುಕೊಂಡರೆ ಅಪಾಯ ಹೆಚ್ಚು, ಮಂಜಿನಹಾದಿ ಹೇಳಿದ ಹಾಗೆ.

ಅದಕ್ಕೇ ಸ್ಟೆಪ್-ಇನ್‌ನಲ್ಲಿ ನನಗೆ ನಿಜವಾದ ಭಯ ಇರೋದು ಅರ್ಧ ಕೂತ ಪಿನ್‌ದು. ಬೂಟಿನ ಅಡಿ ಹಿಮ ಮೆತ್ತಿಕೊಂಡಿದ್ದರೆ, ಅಥವಾ ತೂತಿನೊಳಗೆ ಐಸ್ ಕೂತಿದ್ದರೆ, ಒಂದು ಪಕ್ಕದ ಪಿನ್ ಕೂತು ಇನ್ನೊಂದು ಕೂರದೇ ಉಳಿಯಬಹುದು. ನಿಂತಾಗ ಎಲ್ಲಾ ಸರಿ ಇದ್ದ ಹಾಗೇ ಅನಿಸುತ್ತೆ. ತಿರುವಿನ ಭಾರ ಬಿದ್ದಾಗ ಕಳಚುತ್ತೆ. ಹಾಗಾಗಿ ಪ್ರತಿ ಸಲವೂ: ಬೂಟಿನ ಅಡಿಯನ್ನು ಬೇಲ್ ತಂತಿಗೆ ಉಜ್ಜಿ ಹಿಮ ಕೆರೆಯಿರಿ, ಬೆರಳು ಮೊದಲು ಪೂರ್ತಿ ಮುಂದಕ್ಕೆ ತೂರಿಸಿ, ಹಿಮ್ಮಡಿಯನ್ನು ನೇರ ಕೆಳಕ್ಕೆ ತೂಕ ಹಾಕಿ ತುಳೀರಿ, ಸದ್ದು ಕೇಳಿ, ಆಮೇಲೆ ಹಿಮ್ಮಡಿ ಮೇಲಕ್ಕೆಳೆದು ಎರಡೂ ಪಕ್ಕಕ್ಕೆ ತಿರುಚಿ ನೋಡಿ. ಸದ್ದನ್ನಷ್ಟೇ ನಂಬಬೇಡಿ, ಒಂದು ಪಿನ್ ಕೂತರೂ ಸದ್ದು ಬರುತ್ತೆ.

ಹಳೇದರ ಬಗ್ಗೆ. ಟಿಡಿ2 ಗಟ್ಟಿ ಮಾಲು. ಹೀಲ್ ಕೂರೋ ತೂತುಗಳನ್ನ ಬೆಳಕಿಗೆ ಹಿಡಿದು ನೋಡಿ, ದುಂಡಗಿರಬೇಕು, ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೇಡ. ಪಿನ್ ತುದಿ ಸವೆದು ಬೋಳಾಗಿರಬಾರದು, ಎರಡೂ ಪಕ್ಕ ಒಂದೇ ಉದ್ದಕ್ಕೆ ಚಾಚಬೇಕು. ಬೇಲ್ ತಂತಿ ಬಾಗೋ ಮೂಲೆಯಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಉಗುರಿನಿಂದ ಸವರಿ ನೋಡಿ. ತಂತಿ ಬಾಗಿ ಬಾಗಿ ದಣಿಯುತ್ತೆ, ಹಳೇದಾದರೆ ನೋಡೋದಕ್ಕೆ ಚೆನ್ನಾಗಿದ್ದರೂ ಬದಲಾಯಿಸೋದೇ ಕ್ಷೇಮ. ಕಾಟೆಕ್ ಬುದ್ಧಿವಂತಿಕೆಯ ವಿನ್ಯಾಸ. ಸಣ್ಣ ಸ್ಕ್ರೂಗಳಲ್ಲೇ ಓರೆಯನ್ನು ಬೇಕಾದಷ್ಟು, ಬೇಕಾದ ಕಡೆಗೆ ಹೊಂದಿಸಬಹುದು, ಡಿಸ್ಕ್ ಬದಲಾಯಿಸೋ ಕೆಲಸವಿಲ್ಲ. ಆದರೆ ಈಗ ತಯಾರಾಗ್ತಿಲ್ಲ, ಬಿಡಿಭಾಗಕ್ಕೆ ಅಲೆಯಬೇಕು. ಹಳೇ ಪ್ಲಾಸ್ಟಿಕ್ ಬೈಂಡಿಂಗ್ ಅಂತೂ, ಎಷ್ಟೇ ಅಗ್ಗ ಸಿಗಲಿ, ಮುಟ್ಟಬೇಡಿ. ವರ್ಷ ಕಳೆದ ಪ್ಲಾಸ್ಟಿಕ್ ಚಳಿಯಲ್ಲಿ ಸೀಳಿಬಿಡುತ್ತೆ.

ಹುಬ್ಳಿಯಾಂವ

ಕೇಬಲ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ, ನಾ ಹೇಳ್ತೀನಿ. ಹೌದ್ರಿ, ಕಿತ್ತು ಹೋಕ್ಕೈತಿ. ಹೀಲ್‌ನಿಂದ ಹೊರಗ ಬರೋ ತಿರುವಿನ್ಯಾಗ ಕೇಬಲ್ ದಿನಾ ಮಡಚಿ ಮಡಚಿ ಎಳಿ ಎಳಿ ಬಿಚ್ಚಾಕ ಶುರು ಮಾಡ್ತೈತಿ. ಒಂದು ಎಳಿ ಎದ್ದಿದ್ದು ಕಂಡ್ರೂ ಆ ವಾರನ ಬದಲಿ ಮಾಡ್ರಿ. ನಂದು ಇಲ್ಲೇ ಸ್ವಿಟ್ಜರ್ಲೆಂಡಿನ ಝಿನಾಲ್‌ನ್ಯಾಗ ಕೆಳಗ ಬಂದು ನಿಂತಾಗ ಕಿತ್ತು ಕೈಗೆ ಬಂತು. ಏನೂ ಗಾಬರಿ ಆಗೋ ಅಂಥಾದ್ದಲ್ಲ: ತುಂಡು ಹೊರಗ ಇಣುಕತಿದ್ರ ಇಕ್ಕಳದಾಗ ಹಿಡಿದು ಎಳೀರಿ. ಇಣುಕಲಿಲ್ಲಂದ್ರ ಬಕಲ್ ಬಿಚ್ಚಿ ಕಾಲು ಬೂಟಿನಿಂದ ಹೊರಗ ತಗೀರಿ, ಬೂಟು ಬೋರ್ಡಿಗೇ ಇರಲಿ, ಆಮ್ಯಾಲೆ ಸಾವಕಾಶ ಬಿಡಿಸಿದ್ರಾತು. ಜೇಬಿನ್ಯಾಗ ಸಣ್ಣ ಇಕ್ಕಳ, ಒಂದು ಬದಲಿ ಕೇಬಲ್, ಸ್ಕ್ರೂ ಡ್ರೈವರ್ ಇಟ್ಕೋರಿ. ಬದಲಿ ಕೇಬಲ್ ಹಾಕೋದು ಮನಿಯಾಗ ಕೂತು ಒಮ್ಮೆ ಕಲತುಬಿಡ್ರಿ, ಹಿಮದಾಗ ಕಲಿಯಾಕ ಹೋಗಬ್ಯಾಡ್ರಿ.

ಪಿನ್‌ಗೆ ದಪ್ಪ ಗ್ರೀಸ್ ಹಚ್ಚಬ್ಯಾಡ್ರಿ, ಚಳಿಗೆ ಗಟ್ಟಿ ಆಗಿ ಸ್ಪ್ರಿಂಗ್ ಓಡಂಗಿಲ್ಲ. ಒಣ ಸಿಲಿಕೋನ್ ಸ್ಪ್ರೇ ಸಾಕು. ರಾತ್ರಿ ಬೂಟು ಕಾರಿನ್ಯಾಗ ಬಿಡದ ಒಳಗ ತಂದು ಒಣಗಸ್ರಿ, ಒಳಗಿನ ನೀರು ಹೆಪ್ಪುಗಟ್ಟಿದ್ರ ಮುಂಜಾನೆ ಪಿನ್ ಅಲ್ಲಾಡಂಗಿಲ್ಲ.

ಬೆಂದಕಾಳು_ಬೋರ್ಡರ್

ಇಷ್ಟೆಲ್ಲ ಓದಿ ನನಗೂ ಆಸೆ ಬಂತು. ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗ್ತಿದೀನಿ. ಅಲ್ಲಿ ಹಾರ್ಡ್‌ಬೂಟ್ ಪ್ರಯತ್ನ ಮಾಡಬಹುದಾ?

ಮಂಜಿನಹಾದಿ

ಗುಲ್ಮಾರ್ಗ್ ಪುಡಿ ಹಿಮಕ್ಕೆ ಹೆಸರಾದ ಜಾಗ. ಗೊಂಡೊಲಾದಲ್ಲಿ ಅಫರ್ವಟ್ ಮೇಲೆ ಹೋದ್ರೆ ಆಳವಾದ ಮೆತ್ತನೆ ಹಿಮ, ಅಲ್ಲಿ ಇಷ್ಟು ಕಿರಿದಾದ ಬೋರ್ಡು ಮುಳುಗುತ್ತೆ. ಸಾಫ್ಟ್‌ಬೂಟಿನಲ್ಲೇ ಹೋಗಿ, ಜೀವನದಲ್ಲಿ ಮರೆಯಲ್ಲ. ಕಾರ್ವಿಂಗ್‌ಗೆ ಸಮ ಮಾಡಿದ ಗಟ್ಟಿ, ಅಗಲವಾದ ಇಳಿಜಾರು ಬೇಕು. ಯುರೋಪಿಗೋ ಈ ಕಡೆಗೋ ಬಂದಾಗ ಹೇಳಿ, ನನ್ನ ಹಳೇ ಬೋರ್ಡು ಕೊಡ್ತೀನಿ.

ಮ್ಯೂನಿಕ್_ಮಲೆನಾಡಿಗ

ತೀರ್ಮಾನ ಮಾಡಿದೆ. ಎಫ್‌2 ಇಂಟೆಕ್ ತಗೊಳ್ತೀನಿ, ಸದ್ಯಕ್ಕೆ ಹಿಂದಿನ ಕಾಲಿಗೆ. ಜೋಡಿಯಾಗೇ ಬರೋದರಿಂದ ಇನ್ನೊಂದು ಮನೆಯಲ್ಲಿರುತ್ತೆ, ಸರಿ ಅನಿಸಿದರೆ ಮುಂದಕ್ಕೂ ಹಾಕ್ತೀನಿ. ಅಂಚಿನ_ಮೇಲೆ ಅವರ ಟಿಡಿ3 ಮಾತು ಮನಸ್ಸಲ್ಲಿದೆ, ಆದರೆ ಬ್ರೌನೆಕ್ ಇಳಿಜಾರು ಮಧ್ಯಾಹ್ನದ ಹೊತ್ತಿಗೆ ಗುಡ್ಡೆಗುಡ್ಡೆ ಆಗುತ್ತೆ, ನನ್ನ ಮೊಣಕಾಲಿಗೆ ಸ್ವಲ್ಪ ಬಳುಕೇ ಬೇಕು. ಕೂರಿಸುವಾಗ ಬೇಲ್ ಎಷ್ಟು ಬಿಗಿ ಇರಬೇಕು?

ಅಂಚಿನ_ಮೇಲೆ

ಒಳ್ಳೇ ತೀರ್ಮಾನ. ಮೊಣಕಾಲು ನಿಮ್ಮದು, ಅದರ ಮಾತೇ ಕೊನೆ.

ಮನೆಯಲ್ಲಿ ಬೋರ್ಡನ್ನು ಕಾರ್ಪೆಟ್ ಮೇಲಿಟ್ಟು ಹೊಂದಿಸಿ. ಮೊದಲು ಬೆರಳು ಮತ್ತು ಹಿಮ್ಮಡಿ ಎರಡೂ ಬೋರ್ಡಿನ ಅಂಚಿನಿಂದ ಸಮ ದೂರದಲ್ಲಿ ಇರೋ ಹಾಗೆ ಬೂಟನ್ನು ನಡುವೆ ಕೂರಿಸಿ. ಆಮೇಲೆ ಬೆರಳ ತುಂಡನ್ನು ಹಿಂದೆ ಮುಂದೆ ಸರಿಸಿ ಅಳತೆ ಹಿಡೀರಿ. ಬೇಲ್ ತೀರಾ ಹತ್ತಿರ ಆದರೆ ಹಿಮ್ಮಡಿ ಹಿಂದಕ್ಕೆ ತಳ್ಳಿಸಿಕೊಂಡು ಪಿನ್ ತೂತಿಗೆ ಸಿಗಲ್ಲ, ದೂರ ಆದರೆ ಕೂತ ಮೇಲೂ ಬೂಟು ಅಲ್ಲಾಡುತ್ತೆ. ತೂಕ ಹಾಕಿ ತುಳಿದಾಗ ಪಿನ್‌ಗಳು ಪೂರ್ತಿ ಹೊರಗೆ ಬರಬೇಕು, ಕೂತ ಮೇಲೆ ಬೂಟು ಹಿಂದೆ ಮುಂದೆ ಸ್ವಲ್ಪವೂ ಜಗ್ಗಬಾರದು. ಮೊದಲ ದಿನ ಹಿಮದಲ್ಲಿ ಒಂದೆರಡು ಸಲ ಇಳಿದ ಮೇಲೆ ಮತ್ತೆ ನೋಡಿ, ಚಳಿಯಲ್ಲಿ ಅಳತೆ ಸ್ವಲ್ಪ ಬದಲಾಗಿರುತ್ತೆ.

ಓರೆಗೆ ಮುಂದಿನ ಕಾಲಿನ ಬೆರಳ ಕೆಳಗೆ ಒಂದು ಬೆಣೆ, ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಒಂದು ಬೆಣೆ, ಇಷ್ಟರಿಂದ ಶುರು ಮಾಡಿ. ಬೆಣೆ ಸೇರಿಸಿದಾಗ ಸ್ಕ್ರೂವೂ ಅಷ್ಟೇ ಉದ್ದ ಆಗಬೇಕು, ತುಂಡಿನಲ್ಲಿ ಹಿಡಿದಿರೋ ಸುತ್ತು ಕಡಿಮೆ ಆಗಬಾರದು. ಬೋರ್ಡಿಗೆ ಹೋಗೋ ಎಂ6 ಸ್ಕ್ರೂ ಉದ್ದ ಮಾತ್ರ ಹೆಚ್ಚಾಗಬಾರದು, ತಳಕ್ಕೆ ತಾಗಿ ಬೋರ್ಡಿನ ಕೆಳಮೈ ಉಬ್ಬುತ್ತೆ. ಮೊದಲ ಇಳಿತ ಮುಗಿದ ಕೂಡಲೇ ನಾಲ್ಕೂ ಸ್ಕ್ರೂ ಮತ್ತೆ ಬಿಗಿ ಮಾಡಿ.

ಹುಬ್ಳಿಯಾಂವ

ಹೀಲ್‌ನ ಸ್ಕ್ರೂನೂ ಮರೀಬ್ಯಾಡ್ರಿ, ಬೂಟಿನ ಅಡಿಯಾಗ ಇರೋವು. ಅವು ಕಣ್ಣಿಗೆ ಬೀಳಂಗಿಲ್ಲ, ಅದಕ್ಕ ಸಡಿಲಾದ್ರೂ ಗೊತ್ತಾಗಂಗಿಲ್ಲ. ನೀಲಿ ಲಾಕ್‌ಟೈಟ್, ಅಂದ್ರ ಸ್ಕ್ರೂ ಸಡಿಲಾಗದಂಗ ಹಿಡಿಯೋ ಅಂಟು, ಒಂದು ಹನಿ ಹಾಕಿ ಬಿಗೀರಿ, ಕೆಂಪು ಹಾಕಿದ್ರ ಮುಂದ ಹೀಲ್ ಬದಲಿ ಮಾಡೋದು ದೊಡ್ಡ ಕಷ್ಟ. ಝಿನಾಲ್ ಕಡೆ ಬಂದ್ರ ಹೇಳ್ರಿ, ಕೂಡೇ ಹೋಗೋಣ.